ಫೋಟೋದಲ್ಲಿ ಕುಪ್ಯ ತೊಡಿಸುವುದು ಹೇಗೆ: ಎಡಿಟ್ ಮಾಡಿದ ಬಟ್ಟೆ ನಿಜವಾಗಿ ಕಾಣಬೇಕಾದರೆ

ಕೊಡಗಿನಲ್ಲಿ ಫೋಟೋ ಎಡಿಟಿಂಗ್ ಮಾಡುವವರ ಹತ್ತಿರ ಒಂದು ಕೋರಿಕೆ ಬಂದೇ ಬರುತ್ತದೆ. ತೀರಿಕೊಂಡ ಹಿರಿಯರ ಫೋಟೋ ಇದೆ, ಆದರೆ ಮಾಮೂಲಿ ಶರ್ಟಿನಲ್ಲಿದೆ. ಐನ್‌ಮನೆಯ (ಕುಟುಂಬದ ಮೂಲಮನೆಯ) ಗೋಡೆಗೆ ಹಾಕಬೇಕು, ಅವರಿಗೆ ಕುಪ್ಯ (ಕೊಡವ ಗಂಡಸರ ಉದ್ದ ಮೇಲಂಗಿ), ಚೇಲೆ (ಸೊಂಟಪಟ್ಟಿ), ಪೀಚೆಕತ್ತಿ (ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ), ಮಂಡೆತುಣಿ (ಪೇಟ) ಹಾಕಿಕೊಡಿ ಅಂತ ಮನೆಯವರು ಕೇಳುತ್ತಾರೆ. ಪ್ರೀತಿಯಿಂದ ಕೇಳುವ ಮಾತು ಅದು. ಆದರೆ ಎಷ್ಟೋ ಗೋಡೆಗಳ ಮೇಲೆ ಈಗ ನೇತಾಡುತ್ತಿರುವುದು ಬೇರೆಯವರ ಮೈಮೇಲೆ ಅಂಟಿಸಿದ ತಲೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಲ್ಲಬೇಕು.

ತಪ್ಪಾಗುವುದು ಸಾಮಾನ್ಯವಾಗಿ ಬಟ್ಟೆಯಲ್ಲಲ್ಲ, ಬಟ್ಟೆಯ ಸುತ್ತ. ಒಬ್ಬ ಮನುಷ್ಯ ಕಪ್ಪು ಕುಪ್ಯ ತೊಟ್ಟು ನಿಂತರೆ ಅವನ ಕುತ್ತಿಗೆಯ ನೆರಳು, ಗದ್ದದ ಕೆಳಗಿನ ಬೆಳಕು, ಕೈಯ ಬಣ್ಣ ಎಲ್ಲವೂ ಸ್ವಲ್ಪ ಬದಲಾಗುತ್ತವೆ. ಬಟ್ಟೆಯನ್ನಷ್ಟೇ ತಂದು ಕೂರಿಸಿ, ಸುತ್ತಲಿನದನ್ನು ಹಳೆಯ ಹಾಗೆಯೇ ಬಿಟ್ಟರೆ ಕಣ್ಣು ಒಪ್ಪುವುದಿಲ್ಲ. ಈ ಬರಹದ ಹೆಚ್ಚಿನ ಭಾಗ ಆ ಸುತ್ತಲಿನ ಕೆಲಸದ ಬಗ್ಗೆಯೇ ಇದೆ.

ನಾನು ಫೋಟೋಶಾಪಿನ ಹೆಸರುಗಳನ್ನು ಬಳಸುತ್ತೇನೆ. ದುಡ್ಡು ಕೊಡದೆ ಸಿಗುವ ಜಿಂಪ್‌ನಲ್ಲೂ ಇದೆಲ್ಲ ಹೆಚ್ಚುಕಡಿಮೆ ಆಗುತ್ತದೆ. ಲೇಯರ್, ಮಾಸ್ಕ್ ಅಂದರೆ ಏನು ಅಂತ ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಮೊದಲು ಉಡುಗೆಯನ್ನು ಸರಿಯಾಗಿ ನೋಡಿ

ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ನಿಜವಾದ ಕುಪ್ಯವನ್ನು ಕೈಯಲ್ಲಿ ಹಿಡಿದು ನೋಡಿ. ಕಾಲರ್ ಇಲ್ಲ. ಎದೆಯ ಮೇಲೆ ಕತ್ತು ಇಳಿಜಾರಾಗಿ ತೆರೆದಿರುತ್ತದೆ, ಒಂದು ಬದಿ ಇನ್ನೊಂದರ ಮೇಲೆ ಹಾದು ಸುತ್ತಿಕೊಳ್ಳುತ್ತದೆ. ತೋಳು ಮೊಣಕೈವರೆಗೆ ಮಾತ್ರ, ಅದರ ಕೆಳಗೆ ಒಳಗಿನ ಬಿಳಿ ಶರ್ಟಿನ ತೋಳು ಕಾಣುತ್ತದೆ. ಉದ್ದ ಮೊಣಕಾಲಿನ ಹತ್ತಿರ ಬರುತ್ತದೆ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರೊಳಗೆ ಸಿಕ್ಕಿಸಿದ ಪೀಚೆಕತ್ತಿ, ಕತ್ತಿಗೆ ಸರಪಳಿ. ಮದುಮಗನ ಕುಪ್ಯ ಬಿಳಿ, ಉಳಿದವರದು ಸಾಮಾನ್ಯವಾಗಿ ಕಪ್ಪು. ಹಿರಿಯರಿಗೆ ಕುಪ್ಯ ತೊಡಿಸಿ ಅಂದಾಗ ಬಿಳಿ ಹಾಕಿಬಿಟ್ಟರೆ ಮದುವೆಯ ಫೋಟೋ ಮಾಡಿದ ಹಾಗಾಗುತ್ತದೆ. ಮೊದಲೇ ಕೇಳಿಕೊಳ್ಳಿ.

ಹಾಗೆಯೇ, ಬಟ್ಟೆಯ ಫೋಟೋವನ್ನು ಎಡಬಲ ಅದಲು ಬದಲು ಮಾಡಬೇಡಿ. ಬೆಳಕಿನ ದಿಕ್ಕು ಹೊಂದಲಿ ಅಂತ ಸುಮ್ನೆ ಫ್ಲಿಪ್ ಮಾಡುವ ಅಭ್ಯಾಸ ಬಹಳ ಜನರಿಗಿದೆ. ಫ್ಲಿಪ್ ಮಾಡಿದರೆ ಕುಪ್ಯದ ಮೇಲಿನ ಮಡಿಕೆ ಬದಿ ಬದಲಿಸುತ್ತದೆ, ಕತ್ತಿಯೂ ಆಚೆ ಹೋಗುತ್ತದೆ. ಪೇಟೆಯ ಗಿರಾಕಿಗೆ ಗೊತ್ತಾಗದೇ ಇರಬಹುದು. ಪೊನ್ನಂಪೇಟೆಯ ಅಜ್ಜನಿಗೆ ಖಂಡಿತ ಗೊತ್ತಾಗುತ್ತದೆ.

ಹೆಂಗಸರ ಕೊಡವ ಸೀರೆಗೂ ಇದೇ ಮಾತು. ಅದರ ನೆರಿಗೆ ಹಿಂದೆ ಇರುತ್ತದೆ. ಮುಂದೆ ನೆರಿಗೆ ಇರುವ ಸೀರೆಯ ಚಿತ್ರ ತಂದು ಕೂರಿಸಿದರೆ ಎಷ್ಟೇ ನೆರಳು ಬೆಳಕು ಹೊಂದಿಸಿದರೂ ಅದು ಕೊಡವ ಸೀರೆ ಆಗುವುದಿಲ್ಲ.

ಬಟ್ಟೆಯ ಫೋಟೋ ನೀವೇ ತೆಗೆಯಿರಿ

ನೆಟ್ಟಿನಿಂದ ಇಳಿಸಿಕೊಂಡ ಚಿತ್ರಗಳಲ್ಲಿ ಬೆಳಕು, ಕೋನ, ಗಾತ್ರ ಯಾವುದೂ ಹೊಂದುವುದಿಲ್ಲ, ಅದರ ಹಕ್ಕು ಬೇರೆಯವರದು. ಮನೆಯಲ್ಲೇ ಅದೇ ಮೈಕಟ್ಟಿನ ಅಣ್ಣನೋ ಮಗನೋ ಇರುತ್ತಾರೆ. ಅವರಿಗೆ ಕುಪ್ಯ ಹಾಕಿ ನಿಲ್ಲಿಸಿ ಫೋಟೋ ತೆಗೆದರೆ ಮುಂದಿನ ಅರ್ಧ ಕಷ್ಟ ತಪ್ಪುತ್ತದೆ.

ಹೇಗೆ ನಿಲ್ಲಿಸಬೇಕು ಅನ್ನುವುದನ್ನು ಮೂಲ ಫೋಟೋವೇ ಹೇಳುತ್ತದೆ. ಗದ್ದದ ಕೆಳಗಿನ ನೆರಳು ಯಾವ ಕಡೆ ವಾಲಿದೆ ನೋಡಿ, ಬೆಳಕು ಅದರ ಎದುರು ಕಡೆಯಿಂದ ಬಂದಿದೆ. ಕಣ್ಣಿನ ಗುಡ್ಡೆಯಲ್ಲಿ ಹೊಳೆಯುವ ಬಿಳಿ ಚುಕ್ಕೆ ಕಿಟಕಿ ಎಲ್ಲಿತ್ತು ಅಂತ ಹೇಳುತ್ತದೆ. ಮೂಗಿನ ನೆರಳಿನ ಅಂಚು ಚೂಪಾಗಿದ್ದರೆ ಬಿಸಿಲು ಅಥವಾ ಫ್ಲಾಶ್. ಅಂಚೇ ಕಾಣದಿದ್ದರೆ ಮೋಡ. ಕ್ಯಾಮೆರಾ ಎದೆಯ ಮಟ್ಟದಲ್ಲಿತ್ತೋ ಕಣ್ಣಿನ ಮಟ್ಟದಲ್ಲಿತ್ತೋ ನೋಡಿ, ನೀವೂ ಅಲ್ಲೇ ಇಡಿ. ದೂರವೂ ಆದಷ್ಟು ಅಷ್ಟೇ ಇರಲಿ. ತೀರಾ ಹತ್ತಿರದಿಂದ ತೆಗೆದರೆ ಭುಜ ಕಿರಿದಾಗಿ ಹೊಟ್ಟೆ ದಪ್ಪವಾಗಿ ಕಾಣುತ್ತದೆ.

ನಮ್ಮ ಊರಿನ ಬೆಳಕಿಗೆ ಅದರದ್ದೇ ಗುಣಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಮೋಡದ ಬೆಳಕು, ಎಲ್ಲ ಕಡೆಯಿಂದಲೂ ಮೆತ್ತಗೆ ಬೀಳುತ್ತದೆ. ಬಟ್ಟೆ ಬದಲಿಸುವ ಕೆಲಸಕ್ಕೆ ಇದೇ ಅತಿ ಸುಲಭ. ಕಾಫಿ ತೋಟದ ಒಳಗೆ ಸಿಲ್ವರ್ ಓಕ್, ಹಾಲುವಾಣದ ನೆರಳಿನಲ್ಲಿ ತೆಗೆದ ಫೋಟೋಗಳಲ್ಲಿ ಬೆಳಕಿಗೆ ಹಸಿರು ಸೇರಿರುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೆ ನಿಂತಿದ್ದರೆ ಕೆಳಗಿನಿಂದ ಬಿಳಿ ಬೆಳಕು ಏಳುತ್ತದೆ, ಗದ್ದದ ಕೆಳಗೆ ನೆರಳೇ ಕಡಿಮೆ. ಕೆಂಪು ಮಣ್ಣಿನ ಅಂಗಳವಾದರೆ ಕೆಳಗಿನಿಂದ ಬರುವ ಬೆಳಕೂ ಕೆಂಪಗೆ. ಆದಷ್ಟು ಅಂಥದ್ದೇ ಜಾಗದಲ್ಲಿ ಬಟ್ಟೆಯ ಫೋಟೋ ತೆಗೆಯಿರಿ.

ಒಂದು ಲೆಕ್ಕ ನೆನಪಿರಲಿ. ಬಟ್ಟೆಯ ಫೋಟೋದಲ್ಲಿ ಭುಜದಿಂದ ಭುಜಕ್ಕೆ ಇರುವ ಪಿಕ್ಸೆಲ್, ಮೂಲ ಫೋಟೋದಲ್ಲಿರುವುದಕ್ಕಿಂತ ಜಾಸ್ತಿ ಇರಬೇಕು. ದೊಡ್ಡದನ್ನು ಕುಗ್ಗಿಸಬಹುದು, ಚಿಕ್ಕದನ್ನು ಹಿಗ್ಗಿಸಿದರೆ ನೇಯ್ಗೆ ಮಸುಕಾಗುತ್ತದೆ.

ಕೂರಿಸುವುದು

ಕುಪ್ಯವನ್ನು ಕತ್ತರಿಸಿ ತಂದು ಮೊದಲು ಸ್ಮಾರ್ಟ್ ಆಬ್ಜೆಕ್ಟ್ ಮಾಡಿಕೊಳ್ಳಿ. ಎಷ್ಟು ಸಲ ಎಳೆದಾಡಿದರೂ ಗುಣಮಟ್ಟ ಕೆಡದು. ಹಳೆಯ ಶರ್ಟಿನ ಕಾಲರ್ ಹೊರಗೆ ಇಣುಕುವ ಕಡೆ ಕ್ಲೋನ್ ಸ್ಟಾಂಪಿನಿಂದ ಅಳಿಸಿ, ಹಿಂದಿನ ಗೋಡೆಯನ್ನೋ ಕುತ್ತಿಗೆಯ ಚರ್ಮವನ್ನೋ ತುಂಬಿಸಿ. ಇದನ್ನು ಬೇರೆ ಲೇಯರಿನಲ್ಲೇ ಮಾಡಿ.

ಬಟ್ಟೆ ಕೂರಿಸಲು ನಾಲ್ಕು ಜಾಗ ಹಿಡಿದರೆ ಸಾಕು: ಕುತ್ತಿಗೆಯ ಗುಳಿ, ಎರಡು ಭುಜದ ತುದಿ, ಮೊಣಕೈ, ಸೊಂಟ. ಮೊದಲು ಕುತ್ತಿಗೆಯ ಗುಳಿಗೆ ಕತ್ತಿನ ತೆರೆಯುವಿಕೆ ಹೊಂದಿಸಿ. ಆಮೇಲೆ ಭುಜ. ವಾರ್ಪ್‌ನಲ್ಲಿ ದೊಡ್ಡ ಆಕಾರ ಸರಿಮಾಡಿ, ಪಪೆಟ್ ವಾರ್ಪ್‌ನಲ್ಲಿ ತೋಳು ಬಗ್ಗಿಸಿ. ಲಿಕ್ವಿಫೈ ಕೊನೆಗೆ, ಅದೂ ಅಂಚುಗಳಿಗೆ ಮಾತ್ರ. ಲಿಕ್ವಿಫೈನಲ್ಲಿ ಜಾಸ್ತಿ ತಳ್ಳಿದರೆ ನೇಯ್ಗೆಯ ಎಳೆಗಳು ಹರಡಿಕೊಳ್ಳುತ್ತವೆ. ಜಿಂಪ್‌ನಲ್ಲಿ ಇದಕ್ಕೆ ವಾರ್ಪ್ ಟ್ರಾನ್ಸ್‌ಫಾರ್ಮ್, ಕೇಜ್ ಟ್ರಾನ್ಸ್‌ಫಾರ್ಮ್ ಇವೆ.

ಮಾಸ್ಕಿನ ಅಂಚು ಎಷ್ಟು ಮೆತ್ತಗಿರಬೇಕು? ಮೂಲ ಫೋಟೋದಲ್ಲಿ ಕಿವಿಯ ಅಂಚನ್ನೋ ಹಳೆಯ ಶರ್ಟಿನ ಭುಜದ ಅಂಚನ್ನೋ ಹತ್ತಿರದಿಂದ ನೋಡಿ. ಅಲ್ಲಿ ಒಂದು ಬಣ್ಣ ಇನ್ನೊಂದಕ್ಕೆ ತಿರುಗಲು 2 ಪಿಕ್ಸೆಲ್ ತೆಗೆದುಕೊಂಡರೆ ನಿಮ್ಮ ಅಂಚಿಗೂ ಅಷ್ಟೇ ಕೊಡಿ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಚೂಪಾಗಿರುವ ಅಂಚೇ ಎಡಿಟ್ ಆಗಿದೆ ಅಂತ ಮೊದಲು ಸಾರುವುದು.

ಇನ್ನೊಂದು ವಿಷಯ, ಬಟ್ಟೆಗೆ ದಪ್ಪ ಇದೆ. ಕತ್ತಿನ ಹತ್ತಿರ ಕುಪ್ಯದ ಅಂಚಿಗೆ ಒಂದೆರಡು ಪಿಕ್ಸೆಲ್ ಅಗಲದ ತಿಳಿ ಗೆರೆ ಬರುತ್ತದೆ, ಬೆಳಕು ಬಟ್ಟೆಯ ಮಡಿಚಿದ ಅಂಚಿಗೆ ತಗಲುವ ಜಾಗ ಅದು. ಕತ್ತರಿಸುವಾಗ ಅದನ್ನು ಕಳೆದುಕೊಂಡಿದ್ದರೆ ಸಣ್ಣ ಬ್ರಷ್ಷಿನಲ್ಲಿ ಮತ್ತೆ ಬರೆಯಿರಿ.

ಮಡಿಕೆಗಳು

ಬಟ್ಟೆಯ ಸುಕ್ಕು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಬಟ್ಟೆ ಎಲ್ಲಿ ಹಿಡಿದುಕೊಂಡಿದೆಯೋ ಅಲ್ಲಿಂದ ಹೊರಡುತ್ತದೆ. ಕುಪ್ಯದಲ್ಲಿ ಆ ಜಾಗಗಳು ಭುಜ, ಕಂಕುಳು, ಮೊಣಕೈಯ ಒಳಭಾಗ ಮತ್ತು ಎಲ್ಲಕ್ಕಿಂತ ಜಾಸ್ತಿ ಚೇಲೆ ಬಿಗಿದ ಸೊಂಟ. ಚೇಲೆಯ ಮೇಲೆ ಬಟ್ಟೆ ಸ್ವಲ್ಪ ಉಬ್ಬಿ ನಿಲ್ಲುತ್ತದೆ, ಕೆಳಗೆ ನೇರ ಮಡಿಕೆಗಳು ಇಳಿಯುತ್ತವೆ. ಅಂಟಿಸಿದ ಚೇಲೆಯ ಮೇಲೂ ಕೆಳಗೂ ಬಟ್ಟೆ ಒಂದೇ ಸಮನೆ ಹರಿದಿದ್ದರೆ ಚೇಲೆ ಬಿಗಿದ ಹಾಗೆ ಕಾಣದು, ಸುಮ್ನೆ ಬಣ್ಣ ಬಳಿದ ಹಾಗೆ ಕಾಣುತ್ತದೆ.

ಮೂಲ ಫೋಟೋದ ಬಟ್ಟೆ ಹಾಗೇ ಇದ್ದು, ಅದರ ಬಣ್ಣ ಅಥವಾ ಡಿಸೈನ್ ಮಾತ್ರ ಬದಲಿಸಬೇಕಾದಾಗ ದಾರಿ ಬೇರೆ. ಸಾದಾ ಸೀರೆಗೆ ಬುಟ್ಟಾ ಇರುವ ಡಿಸೈನ್ ಹಾಕಬೇಕು ಅಂದುಕೊಳ್ಳಿ. ಆಗ ಹಳೆಯ ಸೀರೆಯ ಮಡಿಕೆಗಳೇ ನಿಮ್ಮ ಆಸ್ತಿ. ಇಲ್ಲಿ ಡಿಸ್ಪ್ಲೇಸ್ ಫಿಲ್ಟರ್ ಕೆಲಸಕ್ಕೆ ಬರುತ್ತದೆ.

ಮೂಲ ಫೋಟೋವನ್ನು ನಕಲು ಮಾಡಿ, ಕಪ್ಪುಬಿಳುಪು ಮಾಡಿ. ಕರ್ವ್ಸ್‌ನಲ್ಲಿ ಮಡಿಕೆಗಳು ಎದ್ದು ಕಾಣುವ ಹಾಗೆ ಕಾಂಟ್ರಾಸ್ಟ್ ಏರಿಸಿ. ಗಾಸಿಯನ್ ಬ್ಲರ್ 2ರಿಂದ 4 ಪಿಕ್ಸೆಲ್ ಕೊಡಿ, ಇಲ್ಲದಿದ್ದರೆ ನೇಯ್ಗೆಯ ಪ್ರತಿ ಎಳೆಯೂ ಡಿಸೈನನ್ನು ಅಲುಗಾಡಿಸುತ್ತದೆ. ಇದನ್ನು ಪಿಎಸ್‌ಡಿ ಫೈಲ್ ಆಗಿ ಉಳಿಸಿ. ಈಗ ಡಿಸೈನ್ ಲೇಯರ್ ಆರಿಸಿ, ಫಿಲ್ಟರ್ ಮೆನುವಿನ ಡಿಸ್ಟಾರ್ಟ್‌ನಲ್ಲಿ ಡಿಸ್ಪ್ಲೇಸ್ ತೆರೆದು ಆ ಫೈಲ್ ತೋರಿಸಿ. ಜಿಂಪ್‌ನಲ್ಲಿ ಇದು ಫಿಲ್ಟರ್ಸ್ ಮೆನುವಿನ ಮ್ಯಾಪ್ ಒಳಗಿದೆ.

ಈ ಫಿಲ್ಟರ್ ಮಾಡುವುದು ಇಷ್ಟೇ: ನೀವು ಉಳಿಸಿದ ಆ ಪಿಎಸ್‌ಡಿ ಫೈಲಿನಲ್ಲಿ 128ರ ಬೂದು (0 ಅಂದರೆ ಕಪ್ಪು, 255 ಅಂದರೆ ಬಿಳಿ, 128 ನಡುವಿನದು) ಇರುವ ಕಡೆ ಡಿಸೈನ್ ಅಲುಗದು. ಅದಕ್ಕಿಂತ ಬಿಳಿ ಇದ್ದರೆ ಒಂದು ಕಡೆ, ಕಪ್ಪಿದ್ದರೆ ಇನ್ನೊಂದು ಕಡೆ ಸರಿಯುತ್ತದೆ. ಸ್ಕೇಲ್ 100 ಕೊಟ್ಟರೆ ಗರಿಷ್ಠ 128 ಪಿಕ್ಸೆಲ್ ಸರಿಯುತ್ತದೆ. ಹಾಗಾಗಿ 5ರಿಂದ 10ರ ಒಳಗೇ ಶುರು ಮಾಡಿ. ಫೋಟೋ ದೊಡ್ಡದಾದಷ್ಟೂ ಸಂಖ್ಯೆ ಏರಿಸಬೇಕಾಗುತ್ತದೆ. ಆಮೇಲೆ ಡಿಸೈನ್ ಲೇಯರನ್ನು ಮಲ್ಟಿಪ್ಲೈ ಮೋಡ್‌ಗೆ ಹಾಕಿ, ಕೆಳಗಿನ ಮಡಿಕೆಗಳ ನೆರಳು ಮೇಲೆ ಹಾದು ಬರುತ್ತದೆ.

ಆದರೆ ಡಿಸ್ಪ್ಲೇಸ್‌ಗೆ ಒಂದು ಮಿತಿ ಇದೆ. ಆಳವಾದ ಮಡಿಕೆಯಲ್ಲಿ ಡಿಸೈನಿನ ಒಂದು ಭಾಗ ಒಳಗೆ ಅಡಗಿ ಹೋಗಬೇಕು. ಫಿಲ್ಟರ್ ಅದನ್ನು ಬಗ್ಗಿಸುತ್ತದೆಯೇ ಹೊರತು ಅಡಗಿಸುವುದಿಲ್ಲ. ದೊಡ್ಡ ನೆರಿಗೆ ಇರುವ ಕಡೆ ಡಿಸೈನನ್ನು ನೆರಿಗೆಗೊಂದರಂತೆ ತುಂಡು ಮಾಡಿ, ಪ್ರತಿ ತುಂಡನ್ನೂ ಸ್ವಲ್ಪ ಸರಿಸಿ, ಬೇರೆಯಾಗಿ ಮಾಸ್ಕ್ ಮಾಡಲೇಬೇಕು. ಬೇಸರದ ಕೆಲಸ, ಆದರೆ ಬುಟ್ಟಾ ಒಂದು ನೆರಿಗೆಯಲ್ಲಿ ಅರ್ಧ ಕಡಿದು ಪಕ್ಕದ ನೆರಿಗೆಯಲ್ಲಿ ಬೇರೆ ಜಾಗದಲ್ಲಿ ಶುರುವಾದಾಗ ಸೀರೆ ಜೀವಂತವಾಗುತ್ತದೆ.

ಕಪ್ಪು, ಬಿಳಿ, ಕೆಂಪು

ಕುಪ್ಯದ ಕೆಲಸದಲ್ಲಿ ಮೂರೂ ಕಷ್ಟದ ಬಣ್ಣಗಳೇ.

ಕಪ್ಪು ಬಟ್ಟೆ ಫೋಟೋದಲ್ಲಿ ಪೂರ್ತಿ ಕಪ್ಪಾಗಿರುವುದಿಲ್ಲ. 0ಯಿಂದ 255ರ ಅಳತೆಯಲ್ಲಿ ಆಳದ ಮಡಿಕೆ 15-25ರ ಹತ್ತಿರ, ಬೆಳಕು ಬಿದ್ದ ಉಬ್ಬು 60-80ರವರೆಗೆ ಇದ್ದರೆ ಬಟ್ಟೆ ಅಂತ ಕಾಣುತ್ತದೆ. ಪೂರ್ತಿ 0ಗೆ ಇಳಿಸಿದರೆ ಅದು ಬಟ್ಟೆಯಲ್ಲ, ತೂತು. ಆಕಾಶದ ಬೆಳಕು ಬಿದ್ದ ಕಡೆ ಕಪ್ಪಿಗೆ ಒಂಚೂರು ನೀಲಿ ಬರುತ್ತದೆ, ಅದನ್ನು ತೆಗೆಯಬೇಡಿ.

ಕಪ್ಪು ಕುಪ್ಯದ ಫೋಟೋವನ್ನೇ ಬಿಳಿ ಮಾಡಲು ಹೋಗಬೇಡಿ. ಕಪ್ಪಿನೊಳಗೆ ಮಡಿಕೆಯ ವಿವರ ಕಡಿಮೆ. ಎತ್ತಿದರೆ ಬರೀ ಕಾಳುಕಾಳು (ನಾಯ್ಸ್) ಏಳುತ್ತದೆ. ಬಿಳಿಯಿಂದ ಕಪ್ಪಿಗೆ ಹೋಗುವುದು ಸುಲಭ, ಕರ್ವ್ಸ್‌ನಲ್ಲಿ ಇಳಿಸಿದರಾಯಿತು. ಎರಡೂ ಬಣ್ಣ ಬೇಕಾಗಬಹುದು ಅನ್ನಿಸಿದರೆ ಬಿಳಿ ಕುಪ್ಯವನ್ನೇ ಫೋಟೋ ತೆಗೆದಿಡಿ. ಹ್ಯೂ-ಸ್ಯಾಚುರೇಷನ್‌ನ ಲೈಟ್‌ನೆಸ್ ಪಟ್ಟಿಯನ್ನು ಈ ಕೆಲಸಕ್ಕೆ ಮುಟ್ಟಬೇಡಿ, ಅದು ಮಡಿಕೆಯನ್ನೆಲ್ಲ ಚಪ್ಪಟೆ ಮಾಡುತ್ತದೆ. ಬಿಳಿ ಕುಪ್ಯದಲ್ಲಿ ಬೆಳಕಿನ ಭಾಗ 235-245ರಲ್ಲಿ ನಿಲ್ಲಲಿ, ಮಡಿಕೆಗಳು 170-200ಕ್ಕೆ ಇಳಿಯಲಿ.

ಚೇಲೆಯ ಕೆಂಪು ಬೇರೆಯೇ ತೊಂದರೆ. ಗಾಢ ಕೆಂಪಿನಲ್ಲಿ ಕೆಂಪು ಚಾನೆಲ್ ಬೇಗ 255 ಮುಟ್ಟಿಬಿಡುತ್ತದೆ. ಮುಟ್ಟಿದ ಮೇಲೆ ಅದರೊಳಗೆ ಮಡಿಕೆಯೂ ಇಲ್ಲ, ರೇಷ್ಮೆಯ ಹೊಳಪೂ ಇಲ್ಲ, ಬರೀ ಒಂದು ಕೆಂಪು ಪಟ್ಟಿ. ಚಾನೆಲ್ಸ್ ಪ್ಯಾನೆಲ್ ತೆರೆದು ಕೆಂಪನ್ನು ಒಂದೇ ನೋಡಿ. ಸಮತಟ್ಟಾಗಿ ಬಿಳಿಯಾಗಿದ್ದರೆ ಸ್ಯಾಚುರೇಷನ್ ಇಳಿಸಿ, ಹಸಿರು ಚಾನೆಲ್‌ನಲ್ಲಿರುವ ವಿವರವನ್ನು ಲ್ಯುಮಿನಾಸಿಟಿ ಮೋಡ್‌ನಲ್ಲಿ ಮೇಲೆ ತನ್ನಿ, ಎಷ್ಟು ಬೇಕೋ ಅಷ್ಟು ಒಪ್ಯಾಸಿಟಿಯಲ್ಲಿ. ರೇಷ್ಮೆಯ ಹೊಳಪು ಬೆಳಕಿನ ಬಣ್ಣ ಹಿಡಿಯುತ್ತದೆ, ಅಂದರೆ ಮೋಡದ ದಿನ ಅದು ತಣ್ಣನೆಯ ಬಿಳಿ. ಜರಿಯ ಹೊಳಪು ಮಾತ್ರ ಚಿನ್ನದ ಬಣ್ಣದಲ್ಲೇ ಇರುತ್ತದೆ. ಎರಡಕ್ಕೂ ಒಂದೇ ಬಿಳಿ ಬಳಿದರೆ ಜರಿ ಪ್ಲಾಸ್ಟಿಕ್ ಆಗುತ್ತದೆ.

ಹಳೆಯ ಕಪ್ಪುಬಿಳುಪು ಫೋಟೋಗಳ ಬಗ್ಗೆ ಇಲ್ಲೇ ಹೇಳಬೇಕು. ತುಂಬಾ ಹಳೆಯ ಕಾಲದ ಪ್ಲೇಟುಗಳು, ಫಿಲ್ಮುಗಳು ಕೆಂಪು ಬೆಳಕನ್ನು ಗ್ರಹಿಸುತ್ತಲೇ ಇರಲಿಲ್ಲ. ಆ ಫೋಟೋಗಳಲ್ಲಿ ಕೆಂಪು ಚೇಲೆ ಹೆಚ್ಚುಕಡಿಮೆ ಕುಪ್ಯದಷ್ಟೇ ಕಪ್ಪಾಗಿ ಬರುತ್ತದೆ. ಇವತ್ತಿನ ಬಣ್ಣದ ಫೋಟೋದ ಚೇಲೆಯನ್ನು ಸುಮ್ನೆ ಡಿಸ್ಯಾಚುರೇಟ್ ಮಾಡಿ ಅಲ್ಲಿ ಕೂರಿಸಿದರೆ ಅದು ತಿಳಿ ಬೂದಾಗಿ ಎದ್ದು ಕಾಣುತ್ತದೆ. ಬ್ಲ್ಯಾಕ್ ಆಂಡ್ ವೈಟ್ ಅಡ್ಜಸ್ಟ್‌ಮೆಂಟ್‌ನಲ್ಲಿ ಕೆಂಪಿನ ಪಟ್ಟಿಯನ್ನು ಚೆನ್ನಾಗಿ ಕೆಳಗಿಳಿಸಿ. ಜರಿಯ ಗೆರೆಗಳು ಮಾತ್ರ ಹೊಳೆಯಲಿ. ಮನೆಯಲ್ಲಿ ಅದೇ ಕಾಲದ, ಚೇಲೆ ಕಟ್ಟಿದ ಇನ್ನೊಂದು ಫೋಟೋ ಇದ್ದರೆ ಅದನ್ನು ಪಕ್ಕದಲ್ಲಿಟ್ಟುಕೊಂಡು ಹೊಂದಿಸಿ.

ಬಟ್ಟೆಯ ಹೊರಗಿನ ಕೆಲಸ

ಇದು ನಾನು ಅತಿ ಹೆಚ್ಚು ಸಮಯ ಕೊಡುವ ಹಂತ.

ಮೊದಲು ತಗುಲು ನೆರಳು. ಎರಡು ವಸ್ತುಗಳು ಒಂದಕ್ಕೊಂದು ಮುಟ್ಟುವ ಕಡೆ ಸಣ್ಣ, ಗಾಢವಾದ ನೆರಳಿನ ಗೆರೆ ಇರುತ್ತದೆ. ಎಂಥ ಮೋಡ ಕವಿದ ದಿನವೂ ಇದು ಮಾಯವಾಗುವುದಿಲ್ಲ. ಕುಪ್ಯದ ಅಂಚು ಕುತ್ತಿಗೆಗೆ ತಗಲುವ ಕಡೆ, ಚೇಲೆಯ ಕೆಳ ಅಂಚು, ಪೀಚೆಕತ್ತಿಯ ಹಿಡಿ ಬಟ್ಟೆಗೆ ಒರಗಿದ ಕಡೆ, ತೋಳಿನ ಕೊನೆ, ಮಂಡೆತುಣಿ ಹಣೆಗೆ ಒತ್ತಿದ ಕಡೆ. ಪ್ರತಿಯೊಂದಕ್ಕೂ ಮಲ್ಟಿಪ್ಲೈ ಲೇಯರಿನಲ್ಲಿ ಸಣ್ಣ ಮೆತ್ತನೆಯ ಬ್ರಷ್ಷಿನಿಂದ ಬರೆಯಿರಿ. ಚರ್ಮದ ಮೇಲೆ ಕಪ್ಪು ಬಣ್ಣ ಬಳಸಬೇಡಿ. ಅದೇ ಮುಖದ ನೆರಳಿನ ಭಾಗದಿಂದ ಕಂದು ಬಣ್ಣ ಎತ್ತಿಕೊಳ್ಳಿ. ಚರ್ಮದ ಮೇಲಿನ ನೆರಳು ಸಾಮಾನ್ಯವಾಗಿ ಬೆಚ್ಚಗಿನ ಬಣ್ಣದ್ದು.

ಅದರ ಮೇಲೆ ಬೀಳು ನೆರಳು, ಅಗಲ ಮತ್ತು ತೆಳು. ಗದ್ದ ಕುಪ್ಯದ ಮೇಲೆ ಚೆಲ್ಲುವುದು, ಕೈ ಹೊಟ್ಟೆಯ ಮೇಲೆ ಚೆಲ್ಲುವುದು. ದೂರ ಹೋದಷ್ಟೂ ಇದರ ಅಂಚು ಮೆತ್ತಗಾಗಬೇಕು. ಎರಡೂ ನೆರಳನ್ನು ಒಂದೇ ಲೇಯರಿನಲ್ಲಿ ಬೆರೆಸಬೇಡಿ, ಆಮೇಲೆ ಬೇರೆ ಬೇರೆಯಾಗಿ ಏರಿಳಿಸಲು ಆಗುವುದಿಲ್ಲ.

ಇನ್ನು ಹೆಚ್ಚಿನವರು ಬಿಟ್ಟೇಬಿಡುವ ಕೆಲಸ: ಬಟ್ಟೆಯಿಂದ ಏಳುವ ಬೆಳಕು. ಮೂಲ ಫೋಟೋದಲ್ಲಿ ಅಜ್ಜ ಬಿಳಿ ಶರ್ಟ್ ಹಾಕಿದ್ದರೆ ಅದರ ಬೆಳಕು ಗದ್ದದ ಕೆಳಗೆ, ಕುತ್ತಿಗೆಯ ಬದಿಗೆ ಬಿದ್ದಿರುತ್ತದೆ. ಈಗ ಕಪ್ಪು ಕುಪ್ಯ ಹಾಕಿದಿರಿ. ಆ ಬೆಳಕು ಬರಲು ಅಲ್ಲಿ ಬಿಳಿ ಬಟ್ಟೆಯೇ ಇಲ್ಲ, ಅಲ್ವಾ? ಗದ್ದದ ಕೆಳಭಾಗವನ್ನು ಕರ್ವ್ಸ್‌ನಲ್ಲಿ ಸ್ವಲ್ಪ ಇಳಿಸಿ. ಮದುಮಗನಿಗೆ ಕಪ್ಪು ಶರ್ಟ್ ತೆಗೆದು ಬಿಳಿ ಕುಪ್ಯ ತೊಡಿಸಿದರೆ ಇದರ ಉಲ್ಟಾ, ಗದ್ದದ ಕೆಳಗೆ ಬೆಳಕು ಏರಿಸಬೇಕು. ಬಿಳಿ ಕುಪ್ಯದ ಮೇಲೆ ಚೇಲೆಯ ಹತ್ತಿರ ಒಂದು ತೆಳುವಾದ ಕೆಂಪು ಛಾಯೆಯೂ ಬೀಳುತ್ತದೆ. ಚೇಲೆಯ ಮೇಲೆ ಇಟ್ಟ ಕೈಬೆರಳಿಗೂ ಅಷ್ಟೇ. ಕಲರ್ ಮೋಡ್‌ನಲ್ಲಿ 5ರಿಂದ 10 ಶೇಕಡಾ ಸಾಕು. ಕಣ್ಣಿಗೆ ಬೇರೆಯಾಗಿ ಕಾಣದಷ್ಟು ಕಡಿಮೆ ಇರಲಿ. ಲೇಯರನ್ನು ಮರೆಮಾಡಿ ಮತ್ತೆ ತೋರಿಸಿ ನೋಡಿದಾಗ ಮಾತ್ರ ವ್ಯತ್ಯಾಸ ಗೊತ್ತಾಗಬೇಕು.

ಪೀಚೆಕತ್ತಿಯ ಸರಪಳಿ ಭಾರಕ್ಕೆ ಇಳಿಬಿದ್ದಿರುತ್ತದೆ. ಮೂಲ ಫೋಟೋದಲ್ಲಿ ಮನುಷ್ಯ ಸ್ವಲ್ಪ ವಾಲಿ ನಿಂತಿದ್ದರೂ ಸರಪಳಿ ನೆಲದ ಕಡೆಗೇ ನೇರ ಇಳಿಯಬೇಕು. ಬಟ್ಟೆಯ ಜೊತೆ ಅದನ್ನೂ ತಿರುಗಿಸಿಬಿಡುವುದು ಬಹಳ ಸಲ ಆಗುತ್ತದೆ. ಸರಪಳಿಯನ್ನು ಬೇರೆ ಲೇಯರಿನಲ್ಲಿಟ್ಟುಕೊಳ್ಳಿ. ಮಂಡೆತುಣಿಯ ಕೆಳ ಅಂಚು ಎರಡು ಕಣ್ಣನ್ನು ಕೂಡಿಸುವ ಗೆರೆಯ ಜೊತೆ ವಾಲಬೇಕು, ತಲೆ ಓರೆಯಾಗಿದ್ದರೆ ಅದೂ ಓರೆ.

ಬಣ್ಣ ಹೊಂದಿದೆಯೇ, ಕಾಳು ಹೊಂದಿದೆಯೇ

ಎಲ್ಲಕ್ಕಿಂತ ಮೇಲೆ ಎರಡು ಪರೀಕ್ಷೆಯ ಲೇಯರ್ ಹಾಕಿಡಿ. ಒಂದರಲ್ಲಿ ಸ್ಯಾಚುರೇಷನ್ ಪೂರ್ತಿ ಏರಿಸಿ. ತೋಟದ ನೆರಳಿನ ಹಸಿರು ಮುಖದಲ್ಲಿದ್ದು ಕುಪ್ಯದಲ್ಲಿ ಇಲ್ಲದಿದ್ದರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಇನ್ನೊಂದರಲ್ಲಿ ಕಪ್ಪುಬಿಳುಪು ಮಾಡಿ, ಬೆಳಕಿನ ಮಟ್ಟ ಮಾತ್ರ ಹೋಲಿಸಿ. ಬಣ್ಣ ತಿದ್ದಲು ಕರ್ವ್ಸ್ ಅನ್ನು ಬಟ್ಟೆಯ ಲೇಯರಿಗೆ ಕ್ಲಿಪ್ ಮಾಡಿ, ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ಹೊಂದಿಸಿ.

ಆಮೇಲೆ ಮಸುಕು, ಕೊನೆಗೆ ಕಾಳು. ಈ ಕ್ರಮ ತಪ್ಪಬಾರದು, ಕಾಳು ಹಾಕಿ ಮಸುಕು ಮಾಡಿದರೆ ಕಾಳೂ ಕರಗುತ್ತದೆ. ಹಳೆಯ ಫೋಟೋದಲ್ಲಿ ಮುಖ ಮೆತ್ತಗಿದ್ದು ಕುಪ್ಯದ ನೇಯ್ಗೆ ಎಣಿಸುವಷ್ಟು ಚೂಪಾಗಿದ್ದರೆ ಬಟ್ಟೆಗೆ ಬ್ಲರ್ ಕೊಡಿ. ನಂತರ ಆ್ಯಡ್ ನಾಯ್ಸ್. ಡಿಜಿಟಲ್ ಫೋಟೋಗಳಲ್ಲಿ ಸಾಮಾನ್ಯವಾಗಿ ನೀಲಿ ಚಾನೆಲ್‌ನಲ್ಲೇ ಕಾಳು ಜಾಸ್ತಿ, ಹಾಗಾಗಿ ಚಾನೆಲ್ ಒಂದೊಂದಾಗಿ ನೋಡಿ ಹೊಂದಿಸಿ. ಸ್ಕ್ಯಾನ್ ಮಾಡಿದ ಹಳೆಯ ಪ್ರಿಂಟಿನಲ್ಲಿ ಕಪ್ಪು ಮಾಸಿ ಬೂದಾಗಿರುತ್ತದೆ. ಆ ಫೋಟೋದ ಅತಿ ಕಪ್ಪು ಜಾಗ 40 ಇದ್ದರೆ ನಿಮ್ಮ ಕುಪ್ಯವೂ 40ಕ್ಕಿಂತ ಕೆಳಗೆ ಹೋಗಬಾರದು.

ಎಐ ಬಳಸಬಹುದೇ?

ಜನರೇಟಿವ್ ಫಿಲ್‌ನಂಥವು ಕಾಲರ್ ಅಳಿಸಲು, ಹಿಂದಿನ ಗೋಡೆ ತುಂಬಿಸಲು ಚೆನ್ನಾಗಿವೆ. ಉಡುಗೆಯನ್ನೇ ಅದರ ಕೈಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಚೇಲೆಯ ಕಟ್ಟು, ಕತ್ತಿಯ ಹಿಡಿಯ ಆಕಾರ, ತೋಳಿನ ಉದ್ದ ಅದು ಊಹಿಸಿ ಬರೆಯುತ್ತದೆ. ಊಹೆಯನ್ನು ಐನ್‌ಮನೆಯ ಗೋಡೆಗೆ ಹಾಕಿದರೆ ನಾಳೆ ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ. ಬಳಸಿದರೂ ನಿಜವಾದ ಉಡುಗೆಯ ಜೊತೆ ಒಂದೊಂದು ಭಾಗವನ್ನೂ ಹೋಲಿಸಿ.

ಬದುಕಿರುವವರ ಫೋಟೋ ಆದರೆ ಅವರನ್ನು ಕೇಳದೆ ಬಟ್ಟೆ ಬದಲಿಸಬೇಡಿ. ಪಾಸ್‌ಪೋರ್ಟ್, ವೀಸಾ ಫೋಟೋಗಳಿಗೆ ಈ ಕೆಲಸ ಬೇಡವೇ ಬೇಡ.

ಪ್ರಿಂಟ್

ಇಡೀ ಚಿತ್ರವನ್ನು ಒಮ್ಮೆ ಎಡಬಲ ತಿರುಗಿಸಿ ನೋಡಿ, ಕಣ್ಣಿಗೆ ಹೊಸದಾಗಿ ಕಾಣುತ್ತದೆ, ತಪ್ಪುಗಳು ಮೇಲೆ ಬರುತ್ತವೆ. ನೋಡಿದ ಮೇಲೆ ಮರೆಯದೆ ವಾಪಸ್ ತಿರುಗಿಸಿ. 8x10 ಇಂಚಿನ ಪ್ರಿಂಟಿಗೆ 300 ಪಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್) ಬೇಕೆಂದರೆ 2400x3000 ಪಿಕ್ಸೆಲ್ ಇರಬೇಕು.

ಕಾಗದದ ಮೇಲೆ ಕಪ್ಪು ಇನ್ನಷ್ಟು ಮುಳುಗುತ್ತದೆ, ಮ್ಯಾಟ್ ಕಾಗದದಲ್ಲಂತೂ ಜಾಸ್ತಿ. ಪರದೆಯಲ್ಲಿ ಕಂಡ ಕುಪ್ಯದ ಮಡಿಕೆ ಪ್ರಿಂಟಿನಲ್ಲಿ ಇಲ್ಲದೇ ಹೋಗಬಹುದು. ದೊಡ್ಡ ಪ್ರಿಂಟ್ ಹಾಕಿಸುವ ಮೊದಲು ಎದೆಯಿಂದ ಸೊಂಟದವರೆಗಿನ ಒಂದು ಸಣ್ಣ ಪಟ್ಟಿ ಮಾತ್ರ ಅದೇ ಕಾಗದದಲ್ಲಿ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ. ಮಡಿಕೆ ಕಾಣದಿದ್ದರೆ ಕುಪ್ಯದ ಕರ್ವ್ಸ್‌ನಲ್ಲಿ ಕೆಳಭಾಗವನ್ನು ಸ್ವಲ್ಪ ಎತ್ತಿ ಮತ್ತೊಂದು ಪಟ್ಟಿ ಹಾಕಿಸಿ.

ಲೇಯರ್ ಇರುವ ಫೈಲನ್ನೂ ಮೂಲ ಸ್ಕ್ಯಾನನ್ನೂ ಮನೆಯವರಿಗೆ ಕೊಡಿ. ಪ್ರಿಂಟಿನ ಹಿಂಬದಿಯಲ್ಲಿ ಉಡುಗೆ ಎಡಿಟ್ ಮಾಡಿದ್ದು ಅಂತ, ಯಾವ ವರ್ಷ ಮಾಡಿದ್ದು ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ.